ನರ್ಸ್ ಆದೆ, ಜೊತೆಗಿದ್ದವರಿಗೆಲ್ಲ ಥ್ಯಾಂಕ್ಸ್

ನರ್ಸಿಂಗ್ ಕೌನ್ಸಿಲ್‌ನ ನೋಂದಣಿ ಪತ್ರ ಈ ವಾರ ಕೈಸೇರಿತು. ಬಿ.ಕಾಂ ಮುಗಿಸಿ ಹುಬ್ಬಳ್ಳಿ ಎಪಿಎಂಸಿಯ ದಲಾಲಿ ಅಂಗಡಿಯೊಂದರಲ್ಲಿ ಕಂಪ್ಯೂಟರಿನ ಟ್ಯಾಲಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದವಳು, ಮೂವತ್ತು ದಾಟಿದ ಮೇಲೆ ಜಿಎನ್‌ಎಂ, ಅಂದರೆ ನರ್ಸಿಂಗ್ ಡಿಪ್ಲೊಮಾ ಕೋರ್ಸ್, ಸೇರಿದ್ದೆ. ಈಗ ಸ್ಟಾಫ್ ನರ್ಸ್ ಆಗಿದ್ದೇನೆ. ಇದು ನನ್ನೊಬ್ಬಳಿಂದ ಆಗಿದ್ದಲ್ಲ.

ಮೊದಲು ನಮ್ಮ ಅತ್ತೆಗೆ. ಮಾವನವರಿಗೆ ಲಕ್ವಾ ಹೊಡೆದು ಮಲಗಿದಾಗ, ಬೆನ್ನಿಗೆ ಹುಣ್ಣಾಗಬಾರದು ಅಂತ ಎರಡು ತಾಸಿಗೊಮ್ಮೆ ಅವರ ಮಗ್ಗುಲು ಬದಲಿಸುತ್ತಿದ್ದೆವು. ಮಾವ ಹೋದ ಮೇಲೆ "ನಿನ್ನ ಕೈಗೆ ಈ ಕೆಲಸ ಹೊಂದತೈತಿ, ಕಲಿ" ಅಂದವರು ಅತ್ತೆಯೇ. ಕೋರ್ಸಿನ ಮೂರೂ ವರ್ಷ ಮಗಳ ಊಟ, ಶಾಲೆ, ಜ್ವರ ಎಲ್ಲ ಅವರೇ ನೋಡಿಕೊಂಡರು. ನನ್ನ ಸಂಬಳ ನಿಂತಾಗ ಯಜಮಾನರು ಒಂದು ಮಾತೂ ಆಡದೆ ಮನೆ ನಡೆಸಿದರು.

ಕ್ಲಾಸಿನಲ್ಲಿ ನನ್ನ ಪಕ್ಕ ಕೂತವರೆಲ್ಲ ಆಗಷ್ಟೇ ಪಿಯುಸಿ ಮುಗಿಸಿದ ಹುಡುಗಿಯರು. ಕಾಮರ್ಸ್ ಓದಿದವರಿಗೂ ಜಿಎನ್‌ಎಂ ಸೀಟು ಸಿಗುತ್ತದೆ, ನಿಜ. ಆದರೆ ಅನಾಟಮಿ ಸುಮ್ನೆ ತಲೆಗೆ ಹತ್ತುತ್ತದಾ? ರಾತ್ರಿ ಹಾಸ್ಟೆಲ್‌ನಿಂದ ಫೋನ್ ಮಾಡಿ "ಅಕ್ಕಾ, ಇದನ್ನ ಹೀಗೆ ನೆನಪಿಟ್ಕೊಳ್ಳಿ" ಅಂತ ಹೇಳಿಕೊಟ್ಟವರು ಅವರು. ಡ್ರಿಪ್ ಲೆಕ್ಕ ಮಾತ್ರ ನಾನು ಅವರಿಗೆ ಹೇಳಿಕೊಟ್ಟೆ. 500 ಎಂಎಲ್ ಸಲೈನ್ 8 ಗಂಟೆಯಲ್ಲಿ ಮುಗಿಯಬೇಕು, ಡ್ರಿಪ್ ಕೊಳವೆಯಲ್ಲಿ ಒಂದು ಎಂಎಲ್‌ಗೆ 20 ಹನಿ, ಅಂದರೆ ನಿಮಿಷಕ್ಕೆ ಸುಮಾರು 21 ಹನಿ. ವಯಸ್ಸಿನ ವಿಷಯಕ್ಕೆ ನಾನು ಮುದುಡಿಕೊಂಡಾಗ ನಮ್ಮ ಟ್ಯೂಟರ್ ಮೇಡಂ ಒಂದು ಮಾತು ಹೇಳಿದ್ದರು: ಆಧುನಿಕ ನರ್ಸಿಂಗ್‌ಗೆ ಬುನಾದಿ ಹಾಕಿದ, 1820ರಲ್ಲಿ ಹುಟ್ಟಿದ ಫ್ಲಾರೆನ್ಸ್ ನೈಟಿಂಗೇಲ್ ಜರ್ಮನಿಯ ಕೈಸರ್ಸ್‌ವರ್ತ್‌ಗೆ ಹೋಗಿ ತರಬೇತಿ ಪಡೆದದ್ದು 1851ರಲ್ಲಿ. ಆಮೇಲೆ ನಾನು ವಯಸ್ಸಿನ ಮಾತು ಎತ್ತಲಿಲ್ಲ.

ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಕೇರಳದವರು. ಕೆಲಸದಲ್ಲಿ ಬಹಳ ಕಟ್ಟುನಿಟ್ಟು. ನನಗೆ ಮೊದಲ ಸಲ ಕ್ಯಾನುಲಾ, ಅಂದರೆ ಡ್ರಿಪ್ ಕೊಡಲು ನರದೊಳಗೆ ಇಡುವ ಸಣ್ಣ ಕೊಳವೆ, ಹಾಕಲು ಬಿಟ್ಟದ್ದು ಒಬ್ಬ ಅಜ್ಜಿಯ ಕೈಗೆ. ನರ ಸಣ್ಣ, ಮುಟ್ಟಿದರೆ ಜಾರುತ್ತಿತ್ತು. "ಕಣ್ಣಿಂದ ಹುಡುಕ್ಬೇಡ, ಬೆರಳಿಂದ ಹುಡುಕು" ಅಂದರು ಸಿಸ್ಟರ್. ಅಜ್ಜಿಯ ಕೈಯನ್ನು ಸ್ವಲ್ಪ ಹೊತ್ತು ಮಂಚದಿಂದ ಕೆಳಗೆ ಇಳಿಬಿಡಿಸಿದರು. ಹೆಬ್ಬೆರಳಿಂದ ಚರ್ಮ ಕೆಳಕ್ಕೆ ಎಳೆದು ಹಿಡಿದು, ನೀಲಿ ಬಣ್ಣದ 22 ನಂಬರ್ ಕ್ಯಾನುಲಾ ತೂರಿಸಿದೆ. ಹಿಂದಿನ ಕೊಳವೆಯಲ್ಲಿ ರಕ್ತ ಕಾಣಿಸಿತು. ನಾನು ಉಸಿರು ಬಿಡುವಷ್ಟರಲ್ಲಿ ಅಜ್ಜಿಯೇ "ಆತೇನವ್ವಾ? ಚಲೋ ಆತು ಬಿಡು" ಅಂದರು.

ಅಜ್ಜಿ, ನಿಮಗೆ ಮತ್ತು ನಿಮ್ಮಂಥ ಎಲ್ಲರಿಗೂ ನನ್ನ ಕೃತಜ್ಞತೆ ಎಲ್ಲಕ್ಕಿಂತ ಜಾಸ್ತಿ. ಕಲಿಯುವವರು ಬೇಡ, ದೊಡ್ಡ ಸಿಸ್ಟರನ್ನೇ ಕರೀರಿ ಅನ್ನುವ ಹಕ್ಕು ನಿಮಗಿತ್ತು. ನಿಮಗೇ ನೋವಿದ್ದರೂ ನಮ್ಮ ಮುಂದೆ ಕೈ ಚಾಚಿದಿರಿ. ನರ್ಸಿಂಗ್ ಕಲಿಸುವವರ ಪಟ್ಟಿಯಲ್ಲಿ ರೋಗಿಗಳ ಹೆಸರನ್ನು ಯಾರೂ ಬರೆಯುವುದಿಲ್ಲ. ನಾನು ಬರೆಯುತ್ತಿದ್ದೇನೆ.

ಬೇರೆ ಕೆಲಸ ಬಿಟ್ಟು ಈ ಕಡೆ ಬರಬೇಕು ಅಂತಿರುವವರು, ಮುಖ್ಯವಾಗಿ ಮನೆ ಮಕ್ಕಳಿರುವ ಹೆಣ್ಣುಮಕ್ಕಳು, ಸಂಕೋಚ ಬಿಟ್ಟು ನನ್ನನ್ನು ಕೇಳಿ. ಅಡ್ಮಿಷನ್, ಫೀಸು, ನೈಟ್ ಡ್ಯೂಟಿ, ಏನೇ ಇರಲಿ, ಗೊತ್ತಿರುವಷ್ಟನ್ನು ಖಂಡಿತ ಹೇಳುತ್ತೇನೆ.