ಅಜ್ಜಿಯೂ ಓದಿ ಹೇಳುವಂಥ ಪುಸ್ತಕ ಬೇಕು

ಮಾನ್ಯ ಸಂಪಾದಕರೇ,

ಎರಡು ಭಾಷೆಯ ಚಿತ್ರಪುಸ್ತಕ ಅಂದರೆ ಮಕ್ಕಳಿಗೆ ಇಂಗ್ಲಿಷ್ ಕಲಿಸೋಕೆ ಇರುವುದು ಎಂದೇ ನಮ್ಮಲ್ಲಿ ತುಂಬಾ ಜನ ಅಂದುಕೊಂಡಿದ್ದಾರೆ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಮಗಳ ಮನೆಗೆ ಹೋಗಿದ್ದಾಗ ಅಲ್ಲಿನ ಗ್ರಂಥಾಲಯದಲ್ಲಿ ಇಂಗ್ಲಿಷ್–ಸ್ಪ್ಯಾನಿಶ್ ಪುಸ್ತಕಗಳನ್ನು ನೋಡಿದೆ. ಅವುಗಳ ದೊಡ್ಡ ಉಪಯೋಗವೇ ಬೇರೆ. ಇಂಗ್ಲಿಷ್ ಬಾರದ ಅಜ್ಜ ಅಜ್ಜಿಯೂ ಮೊಮ್ಮಗುವಿಗೆ ಪುಸ್ತಕ ಓದಿ ಹೇಳಬಹುದು.

ಕಥೆಯ ಹೊತ್ತಿನಲ್ಲಿ ಚಾಪೆಯ ಮೇಲೆ ನನ್ನ ಪಕ್ಕ ಮೆಕ್ಸಿಕೋದ ಒಬ್ಬ ಅಜ್ಜಿ ಕೂತಿದ್ದರು. ಗ್ರಂಥಪಾಲಕಿ ಇಂಗ್ಲಿಷ್‌ನಲ್ಲಿ ಓದಿ ಮುಗಿಸಿದ ಮೇಲೆ ಅದೇ ಪುಸ್ತಕ ತೆಗೆದುಕೊಂಡು ಮೊಮ್ಮಗಳಿಗೆ ಸ್ಪ್ಯಾನಿಶ್‌ನಲ್ಲಿ ಓದಿದರು. ಸ್ಪ್ಯಾನಿಶ್‌ನಲ್ಲಿ ಪ್ರಶ್ನೆ ಇದ್ದರೆ ವಾಕ್ಯದ ಶುರುವಿನಲ್ಲೇ ತಲೆಕೆಳಗಾದ ಪ್ರಶ್ನೆ ಚಿಹ್ನೆ ಇರುತ್ತದೆ. ಅದು ಕಣ್ಣಿಗೆ ಬಿದ್ದ ಕೂಡಲೇ ಅವರ ರಾಗ ಬದಲಾಗುತ್ತಿತ್ತು. ಗಟ್ಟಿಯಾಗಿ ಓದುವವರಿಗೆ ಎಷ್ಟು ಅನುಕೂಲ ಅಲ್ವಾ!

ಇದು ಅಲ್ಲಿ ಸುಮ್ನೆ ಬಂದದ್ದಲ್ಲ. ಸ್ಪ್ಯಾನಿಶ್ ಮಾತಾಡುವ ಪ್ಯೂರ್ಟೊ ರಿಕೊ ದ್ವೀಪದಿಂದ ಬಂದ ಪುರಾ ಬೆಲ್‌ಪ್ರೆ ಎಂಬ ಮಹಿಳೆ 1921ರಲ್ಲಿ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯಕ್ಕೆ ಸೇರಿದರು. ಊರಿನಲ್ಲಿ ಕೇಳಿದ್ದ ಕಥೆಗಳು ಅಲ್ಲಿನ ಕಪಾಟುಗಳಲ್ಲಿ ಸಿಗಲಿಲ್ಲ. ತಾವೇ ಎರಡೂ ಭಾಷೆಯಲ್ಲಿ ಮಕ್ಕಳಿಗೆ ಹೇಳತೊಡಗಿದರು, ಆಮೇಲೆ ಪುಸ್ತಕವನ್ನೂ ಬರೆದರು. 1996ರಿಂದ ಅವರ ಹೆಸರಿನಲ್ಲಿ ಪ್ರಶಸ್ತಿಯೇ ಇದೆ. 1975ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಶುರುವಾದ ಚಿಲ್ಡ್ರನ್ಸ್ ಬುಕ್ ಪ್ರೆಸ್ ಒಂದೇ ಪುಸ್ತಕದಲ್ಲಿ ಎರಡು ಭಾಷೆ ಹಾಕಿ ಕಥೆ ಪ್ರಕಟಿಸಿತು. ಶಾಲೆಗಳ ಕಥೆ ಮಾತ್ರ ಏಳುಬೀಳಿನದು. 1998ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಶಾಲೆಯಲ್ಲಿ ಹೆಚ್ಚುಕಡಿಮೆ ಇಂಗ್ಲಿಷ್‌ನಲ್ಲೇ ಕಲಿಸಬೇಕು ಎಂದರು, 2016ರಲ್ಲಿ ಅದನ್ನು ಅವರೇ ತೆಗೆದುಹಾಕಿದರು. ಶಾಲೆಯ ನಿಯಮ ಹೀಗೆ ಆಚೀಚೆ ಆಗುವಾಗ ಮನೆಯಲ್ಲಿ ಓದುವ ಪುಸ್ತಕದ ಬೆಲೆ ಇನ್ನೂ ಜಾಸ್ತಿ.

ಎಲ್ಲ ಪುಸ್ತಕಗಳೂ ಒಂದೇ ಥರ ಇಲ್ಲ. ಕೆಲವು ಇಂಗ್ಲಿಷ್ ಕಥೆಯ ನಡುವೆ ನಾಲ್ಕಾರು ಸ್ಪ್ಯಾನಿಶ್ ಪದ ಉದುರಿಸಿ ಬಿಡುತ್ತವೆ. ನನಗೆ ಅವು ಇಷ್ಟವಾಗಲಿಲ್ಲ. ಸ್ಪ್ಯಾನಿಶ್ ಮಾತ್ರ ಬರುವ ಆ ಅಜ್ಜಿ ಅವನ್ನು ಓದುವುದು ಹೇಗೆ? ಪ್ರತಿ ಪುಟದಲ್ಲೂ ಎರಡು ಭಾಷೆಯಲ್ಲಿ ಪೂರ್ತಿ ಕಥೆ ಇದ್ದರೇ ಚೆನ್ನ.

ನಮ್ಮಲ್ಲೂ ಇಂಥ ಕೆಲಸ ನಡೆದಿದೆ. ಚೆನ್ನೈನ ತೂಲಿಕಾ, ಬೆಂಗಳೂರಿನ ಪ್ರಥಮ್ ಬುಕ್ಸ್ ಇಂಗ್ಲಿಷ್–ಕನ್ನಡ ಚಿತ್ರಪುಸ್ತಕಗಳನ್ನು ತಂದಿವೆ. ನಾನು ಊರಿನಿಂದ ವಿಡಿಯೊ ಕರೆಯಲ್ಲಿ ಕನ್ನಡ ಓದುತ್ತೇನೆ. ಮೊಮ್ಮಗ ಅಲ್ಲಿ ಅದೇ ಪುಟ ತೆರೆದು ಇಂಗ್ಲಿಷ್ ಓದುತ್ತಾನೆ. ಈಗೀಗ ‘ಅಜ್ಜಿ, ನೀನು ಒಂದು ಸಾಲು ಬಿಟ್ಟೆ’ ಎಂದು ಕನ್ನಡದಲ್ಲೇ ತಿದ್ದುತ್ತಾನೆ.

ಪ್ರಕಾಶಕರಲ್ಲಿ ನನ್ನದೊಂದು ಬೇಡಿಕೆ. ನಾನು ಕೊಂಡ ಒಂದು ಪುಸ್ತಕದಲ್ಲಿ ಇಂಗ್ಲಿಷ್ ದಪ್ಪ ಅಕ್ಷರದಲ್ಲಿದೆ, ಕನ್ನಡ ಕೆಳಗೆ ಸಣ್ಣದಾಗಿದೆ. ಸಾಲುಗಳ ನಡುವಿನ ಜಾಗವನ್ನೂ ಇಂಗ್ಲಿಷ್ ಅಳತೆಗೇ ಬಿಟ್ಟಿದ್ದಾರೆ. ಒತ್ತಕ್ಷರಗಳು ಕೆಳಗಿನ ಸಾಲಿನ ಗುಡಿಸು, ಏತ್ವಗಳಿಗೆ ತಾಗುತ್ತವೆ. ಕನ್ನಡಕ ಹಾಕಿದರೂ ನನಗೇ ಕಷ್ಟ, ಆಗತಾನೇ ಕೂಡಿಸಿ ಓದುವ ಮಗುವಿನ ಪಾಡೇನು? ಎರಡೂ ಭಾಷೆ ಒಂದೇ ಗಾತ್ರದಲ್ಲಿರಲಿ, ಕನ್ನಡದ ಸಾಲುಗಳಿಗೆ ಇನ್ನಷ್ಟು ಜಾಗ ಬಿಡಿ. ಇಂಥ ಪುಸ್ತಕಗಳನ್ನು ಸರ್ಕಾರ ಕೊಂಡು ಅಂಗನವಾಡಿಗಳಿಗೂ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೂ ಕೊಡಲಿ. ಬೀರುವಿನಲ್ಲಿ ಬೀಗ ಹಾಕಿಡದೆ ಮನೆಗೆ ಒಯ್ಯಲು ಬಿಡಲಿ.

– ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ, ಸಾಗರ