ಒಂದು ಬಾಣದ ಗುರುತಿಗೆ ಎರಡು ವಾರದ ನಿದ್ದೆ

ಮಾನ್ಯ ಸಂಪಾದಕರೇ,

ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿಸಿದ ನಮ್ಮಕ್ಕ ಮೂರು ತಿಂಗಳಿಗೊಮ್ಮೆ ಸಿಎ 15-3 ರಕ್ತಪರೀಕ್ಷೆ (ಸ್ತನ ಕ್ಯಾನ್ಸರ್ ಇದ್ದಾಗ ರಕ್ತದಲ್ಲಿ ಏರಬಹುದಾದ ಒಂದು ಪ್ರೋಟೀನಿನ ಅಳತೆ) ಮಾಡಿಸುತ್ತಿದ್ದಳು. ಕಳೆದ ಸಲ 34 ಬಂತು. ವರದಿಯಲ್ಲಿ ಆ ಅಂಕಿ ದಪ್ಪಕ್ಷರದಲ್ಲಿ, ಪಕ್ಕದಲ್ಲೊಂದು ಮೇಲ್ಮುಖ ಬಾಣ. ಅಷ್ಟಕ್ಕೇ ಮನೆಯವರೆಲ್ಲ ಎರಡು ವಾರ ನಿದ್ದೆಗೆಟ್ಟೆವು. ಸ್ಕ್ಯಾನ್‌ನಲ್ಲಿ ಏನೂ ಇರಲಿಲ್ಲ. ಯಕೃತ್ತಿನ ತೊಂದರೆಯಿಂದಲೂ ಇದು ಏರುತ್ತದಂತೆ; ಕಾಯಿಲೆ ನಿಜಕ್ಕೂ ಮರಳಿದಾಗ ಕೆಲವರಲ್ಲಿ ಏರುವುದೇ ಇಲ್ಲ. ಚಿಕಿತ್ಸೆ ಮುಗಿದು ಲಕ್ಷಣಗಳಿಲ್ಲದೆ ಇರುವವರಿಗೆ ಇದನ್ನು ವಾಡಿಕೆಯಂತೆ ಮಾಡಿಸಬೇಡಿ ಎಂದು ಅಮೆರಿಕದ ಕ್ಯಾನ್ಸರ್ ತಜ್ಞರ ಸಂಘದ ಮಾರ್ಗಸೂಚಿಯೇ ಹೇಳುತ್ತದೆ.

ಮುಂದೇನು ಎಂದು ಅಂದಾಜಿಸಲು ಹೆಚ್ಚು ನೆರವಾಗುವುದು ಗಡ್ಡೆಯ ಗಾತ್ರ, ಕಂಕುಳಿನ ದುಗ್ಧಗ್ರಂಥಿಗಳಿಗೆ ಹರಡಿದೆಯೇ ಎಂಬುದು, ಬಯಾಪ್ಸಿಯಲ್ಲಿ ಕಾಣುವ ಇಆರ್, ಪಿಆರ್ ಎಂಬ ಹಾರ್ಮೋನು ಗ್ರಾಹಕಗಳು, ಹರ್2 ಎಂಬ ಪ್ರೋಟೀನು. ಇವೂ ಹಣೆಬರಹವಲ್ಲ. ಹರ್2 ಪಾಸಿಟಿವ್, ಅಂದರೆ ಗಡ್ಡೆಯಲ್ಲಿ ಆ ಪ್ರೋಟೀನು ಹೆಚ್ಚಿದೆ ಎಂದರೆ ಒಂದು ಕಾಲಕ್ಕೆ ಕೆಟ್ಟ ಸುದ್ದಿ. 1998ರಲ್ಲಿ ಟ್ರಾಸ್ಟುಝುಮಾಬ್ ಎಂಬ ಔಷಧಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕ ಮೇಲೆ ಅದೇ ಹರ್2 ಆ ಔಷಧಕ್ಕೆ ಗುರಿಯಾಯಿತು.

ಲ್ಯಾಬ್‌ನವರು ಆ ಬಾಣದ ಕೆಳಗೆ ‘ಇದೊಂದರಿಂದಲೇ ರೋಗ ಮರಳಿದೆ ಎನ್ನಲಾಗದು’ ಎಂದು ಒಂದು ಸಾಲು ಅಚ್ಚು ಹಾಕಬಾರದೇ? ಡಾಕ್ಟರನ್ನು ಕಾಣುವ ಮೊದಲೇ ಮೊಬೈಲ್‌ನಲ್ಲಿ ವರದಿ ತೆರೆದು ಕೂರುವವರು ನಾವು.

– ಓರ್ವ ಓದುಗ