ಅಥೆನ್ಸಿಗೆ ಹೊರಟಿರುವ ಪುಟ್ಟಿಗೆ

ಚಿರಂಜೀವಿ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಶಿಲ್ಪಗಳನ್ನು ನೋಡಲೆಂದೇ ಅಥೆನ್ಸಿಗೆ ಹೊರಟಿರುವೆಯೆಂದು ತಿಳಿದು ಸಂತೋಷವಾಯಿತು. ಆದರೆ ಗ್ರೀಕರ ಹಳೆಯ ಪ್ರತಿಮೆಗಳು ಮರಗಟ್ಟಿದಂತಿವೆ, ಆ ಶಿಲ್ಪಿಗಳಿಗೆ ಇನ್ನೂ ಕೈ ಪಳಗಿರಲಿಲ್ಲ ಎಂದು ಬರೆದಿರುವೆಯಲ್ಲ, ಆ ಮಾತನ್ನು ನಾನು ಒಪ್ಪಲಾರೆ.

ಅಲ್ಲಿನ ರಾಷ್ಟ್ರೀಯ ಪುರಾತತ್ವ ಸಂಗ್ರಹಾಲಯದಲ್ಲಿ ಕ್ರೋಯಿಸೋಸ್ ಎಂಬ ತರುಣನ ಪ್ರತಿಮೆಯಿದೆ, ಕ್ರಿ.ಪೂ. ಸುಮಾರು 530ರದು. ಈಜಿಪ್ಟಿನಿಂದ ಬಂದ ನಿಲುವಿನಲ್ಲಿ ಎಡಗಾಲು ಮುಂದಿಟ್ಟು, ಮುಷ್ಟಿ ಬಿಗಿದು, ಮುಗುಳ್ನಗುತ್ತಾ ನಿಂತಿದ್ದಾನೆ. ಯುದ್ಧದ ಮುಂಚೂಣಿಯಲ್ಲಿ ಮಡಿದವನ ಸಮಾಧಿಯ ಪ್ರತಿಮೆಯದು. ನಿಂತು ಶೋಕಿಸೆಂದು ಪೀಠದ ಬರಹವು ದಾರಿಹೋಕನನ್ನು ಕೇಳುತ್ತದೆ. ಸತ್ತವನ ಮುಖದಲ್ಲಿ ನಗುವೇಕೆ? ಆ ಒಬ್ಬ ಹುಡುಗನ ಚಹರೆಗಿಂತ, ಕಾಲವು ಕೆಡಿಸಲಾರದ ಯೌವನವನ್ನು ಕಲ್ಲಿನಲ್ಲಿ ನಿಲ್ಲಿಸುವುದು ಅವರಿಗೆ ದೊಡ್ಡದಾಗಿತ್ತೆಂದೇ ನನ್ನ ನಂಬಿಕೆ.

ಬಳಿಕ ಆಕ್ರೊಪೊಲಿಸ್ ಸಂಗ್ರಹಾಲಯದಲ್ಲಿ, ಸುಮಾರು ಐವತ್ತು ವರ್ಷ ಈಚಿನ ‘ಕ್ರಿಟಿಯೋಸ್ ಬಾಲಕ’ ಎಂಬ ಪ್ರತಿಮೆಯ ಮುಂದೆ ಸಾವಕಾಶವಾಗಿ ನಿಲ್ಲು. ಮೈಭಾರವೆಲ್ಲ ಎಡಗಾಲಿನ ಮೇಲಿದೆ. ಬಲ ಮೊಣಕಾಲು ಸಡಿಲವಾಗಿ ಬಾಗಿರುವುದರಿಂದ ಆ ಬದಿಯ ಸೊಂಟ ತುಸು ಇಳಿದಿದೆ, ತಲೆಯೂ ಅತ್ತಲೇ ಸ್ವಲ್ಪ ತಿರುಗಿದೆ. ನಗು ಹೋಗಿದೆ, ಅದರ ಜಾಗದಲ್ಲಿ ಯೋಚನೆಯಿದೆ. ರಾಜ್ಯಭಾರವನ್ನು ನಾಗರಿಕರ ಸಭೆಗೆ ಒಪ್ಪಿಸಿಕೊಂಡಿದ್ದ, ಕ್ರಿ.ಪೂ. 480ರಲ್ಲಿ ಪರ್ಷಿಯನ್ನರು ಸುಟ್ಟುಹಾಕಿದ ಅಥೆನ್ಸಿನವರು, ಮನುಷ್ಯನನ್ನು ತನ್ನ ನಡೆಗೆ ತಾನೇ ಹೊಣೆಯಾದವನೆಂದು ಕಾಣತೊಡಗಿದ್ದು ಆ ಮೊಣಕಾಲಿನಲ್ಲಿಯೇ ತಿಳಿಯುತ್ತದೆ.

ಆಕ್ರೊಪೊಲಿಸ್ ಬೆಟ್ಟದ ಮೇಲಿನ, ಅಥೇನಾ ದೇವಿಯ ಪಾರ್ಥೆನಾನ್ ದೇಗುಲವನ್ನು (ಕ್ರಿ.ಪೂ. 447–432) ದೂರದಿಂದ ನೋಡಿ ಹಿಂದಿರುಗಬೇಡ. ಅದರ ಜಗತಿಯ ಅಂಚಿಗೆ ಕಣ್ಣನ್ನು ಸಮಮಾಡಿ ನೋಡಿದರೆ, ನೇರವೆಂದುಕೊಂಡ ಗೆರೆ ನಡುವಿನಲ್ಲಿ ಉಬ್ಬಿರುವುದು ಕಾಣುತ್ತದೆ. ಉದ್ದದ ಬದಿಯಲ್ಲಿ ಆ ಉಬ್ಬು ಸುಮಾರು 11 ಸೆಂಟಿಮೀಟರ್. ಕಂಬಗಳು ಒಳಕ್ಕೆ ವಾಲಿವೆ, ಮೂಲೆಯವು ಉಳಿದವಕ್ಕಿಂತ ತುಸು ದಪ್ಪ. ದೇವಿಯ ಮನೆಯನ್ನು ನೋಡುವವನ ಕಣ್ಣಿಗೆ ಹೊಂದಿಸಿ ಕಟ್ಟಿದರು. ಎಲ್ಲಕ್ಕೂ ಮನುಷ್ಯನೇ ಅಳತೆಗೋಲೆಂದ ಗ್ರೀಕ್ ತತ್ತ್ವಜ್ಞಾನಿ ಪ್ರೊಟಗೋರಸ್ ಆ ಕಾಲದವನೇ.

ಮುಂದೆ ರೋಮಿಗೆ ಹೋದರೆ, ಬಂಡೆಯ ಮೇಲೆ ದಣಿದು ಕುಳಿತ ಮುಷ್ಟಿಕಾಳಗದವನ ಕಂಚಿನ ಪ್ರತಿಮೆಯನ್ನು ತಪ್ಪಿಸಬೇಡ. ಅವನ ಗಾಯಗಳಿಗೆ ತಾಮ್ರ ಕೂರಿಸಿದ್ದಾರೆ. ಅಲೆಕ್ಸಾಂಡರನ ನಂತರದ, ಊರ ಸಭೆಗಳು ಬಲಗುಂದಿದ್ದ ಲೋಕದ ಕೃತಿಯದು. ಗೆಲುವಿಗಿಂತ ನೋವೇ ಅಲ್ಲಿ ಮುಖ್ಯವಾಗಿದೆ.

ಫೋಟೋ ತೆಗೆಯುವ ಮೊದಲು ಆ ಕ್ರಿಟಿಯೋಸ್ ಬಾಲಕನನ್ನು ಒಂದು ಸುತ್ತು ಬಂದು, ಬೆನ್ನಿನ ಕಡೆಯಿಂದಲೂ ನೋಡಿ, ಮೊಣಕಾಲಿನ ಬಾಗನ್ನು ಪೆನ್ಸಿಲಿನಲ್ಲಿ ಬರೆದು ನನಗೆ ಕಳುಹಿಸು.

ಇಂತಿ,
ನಿನ್ನ ದೊಡ್ಡಪ್ಪ